ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ

ಐವತ್ತೈದು ದಾಟಿದ ನಾಲ್ವರು ಗೆಳತಿಯರನ್ನು, ಗಂಡ, ಮಕ್ಕಳು, ಟೂರ್ ಮ್ಯಾನೇಜರ್ ಯಾರೂ ಜೊತೆಗಿಲ್ಲದೆ, ಒಂಬತ್ತು ದಿನದ ಮಟ್ಟಿಗೆ ವಿಯೆಟ್ನಾಮಿಗೆ ಕಳಿಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ.

ತಡೆಯಿರಿ, ಮೊದಲ ವಾಕ್ಯದಲ್ಲೇ ಅಚ್ಚಿನ ತಪ್ಪು. ‘ಕಳಿಸುವ’ ಅಲ್ಲ, ‘ಹೋಗುವ’. ಏನು ಮಾಡುವುದು, ಈ ತಪ್ಪು ನಮ್ಮೂರಿನ ಬಾಯಲ್ಲೇ ಅಚ್ಚಾಗಿ ಕೂತಿದೆ. ತರಕಾರಿ ಅಂಗಡಿಯವನಿಂದ ಹಿಡಿದು ನನ್ನ ಒಡಹುಟ್ಟಿದ ತಂಗಿಯವರೆಗೆ, ಸುದ್ದಿ ಕೇಳಿದವರೆಲ್ಲ ಆಡಿದ್ದು ಒಂದೇ ಮಾತು: “ಹೌದಾ? ಮನೇಲಿ ಕಳಿಸ್ತಾರಾ?” ಹೂಂ, ಕೊರಿಯರ್‌ನಲ್ಲಿ ಕಳಿಸ್ತಾರೆ ಅನ್ನಬೇಕೆನಿಸಿತು. ಅನ್ನಲಿಲ್ಲ. ಆಗಿನ್ನೂ ನನ್ನನ್ನು ಯಾರೂ ಅಲುಗಾಡಿಸಿರಲಿಲ್ಲ.

ಪೆಟ್ಟಿಗೆಯೊಳಗೆ ಏನೇನಿದೆ

1987ರಲ್ಲಿ ಶಿವಮೊಗ್ಗದ ಹಾಸ್ಟೆಲೊಂದರ ಒಂದೇ ಕೋಣೆಯಲ್ಲಿದ್ದ ನಾಲ್ಕು ಬಿಡಿಭಾಗಗಳು. ಮೊದಲನೆಯದು ಲಾಗ್‌ಟೇಬಲ್. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾರ ಹುಟ್ಟಿದಹಬ್ಬ ಯಾವ ವಾರ ಬೀಳುತ್ತದೆ, ಎಲ್ಲ ಬಾಯಿಪಾಠ. ಆಮೇಲೆ ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ. ಎರಡನೆಯದು ರೇಡಿಯೋ. ದೀಪ ಆರಿಸಿದ ಮೇಲೂ ಮಾತು ಆರಿಸದವಳು. ಹೈಸ್ಕೂಲಿನಲ್ಲಿ ಇತಿಹಾಸದ ಮೇಡಂ. ಮೂರನೆಯದು ಉಪ್ಪಿನಕಾಯಿ. ತೀರ್ಥಹಳ್ಳಿ ಕಡೆಯವಳು, ಅಪ್ಪೆಮಿಡಿ ಜಾಡಿ ಹೊತ್ತು ತಂದು ಹಾಸ್ಟೆಲಿನ ಸಾರಿನಿಂದ ನಮ್ಮನ್ನು ಕಾಪಾಡಿದವಳು. ಈಗ ಅಡಿಕೆ ತೋಟ, ಕೊಟ್ಟಿಗೆ, ಹಾಸಿಗೆ ಹಿಡಿದ ಅತ್ತೆ. ನಾಲ್ಕನೆಯದು ನಾನು, ಅಲಾರಂ. ಬೆಳಿಗ್ಗೆ ಐದೂವರೆಗೆ ಎಲ್ಲರನ್ನೂ ಎಬ್ಬಿಸುವುದು ನನ್ನ ಕೆಲಸವಾಗಿತ್ತು. ಈಗಲೂ ಅದೇ ಕೆಲಸ, ಏಳಬೇಕಾದವರು ಬೇರೆ ಅಷ್ಟೆ.

ಗಮನಿಸಿ: ಎರಡನೆಯ ಭಾಗವನ್ನು ಪೆಟ್ಟಿಗೆಯಿಂದ ತೆಗೆದಾಗ ಯಾವ ಸದ್ದೂ ಬರಲಿಲ್ಲ. ಮನೆಯಲ್ಲಿ ಅವಳು ಶುರು ಮಾಡಿದ ವಾಕ್ಯವನ್ನು ಯಜಮಾನರೇ ಮುಗಿಸಿಕೊಡುತ್ತಾರಂತೆ. ಪ್ರೀತಿಯಿಂದಲೇ. ಇಪ್ಪತ್ತೆಂಟು ವರ್ಷ ಹಾಗೆ ನಡೆದ ಮೇಲೆ ಶುರು ಮಾಡುವುದನ್ನೂ ಅವರಿಗೇ ಬಿಟ್ಟಿದ್ದಾಳೆ.

ಜೋಡಣೆಗೆ ಮೊದಲು

ಪಾಸ್‌ಪೋರ್ಟನ್ನು ಹುಡುಕಿ. ಅದು ಬೀರುವಿನಲ್ಲಿ, ಮನೆಪತ್ರ ಮತ್ತು ಎಲ್‌ಐಸಿ ಬಾಂಡುಗಳ ನಡುವೆ ಇರುತ್ತದೆ. ಬೀರುವಿನ ಕೀ ‘ಅವರ’ ಹತ್ತಿರ ಇರುತ್ತದೆ. ನನ್ನದನ್ನು ಮಾಡಿಸಿದ್ದು 2018ರಲ್ಲಿ. ಅದರಲ್ಲಿ ಇದ್ದದ್ದು ಅಮೆರಿಕದ ಮುದ್ರೆ ಮಾತ್ರ, ಎರಡು ಸಲ. ಎರಡೂ ಬಾಣಂತನ. ಆ ಮಹಾದೇಶದ ಬಗ್ಗೆ ಕೇಳಿದರೆ ನಾನು ಡಯಾಪರು ಮತ್ತು ಡಿಶ್‌ವಾಷರಿನ ವಿಚಾರ ಗಂಟೆಗಟ್ಟಲೆ ಹೇಳಬಲ್ಲೆ.

ವಿಯೆಟ್ನಾಮಿನ ಇ-ವೀಸಾ ಕಷ್ಟವೇನಲ್ಲ. ಇಪ್ಪತ್ತೈದು ಡಾಲರ್, ಒಂದು ಫೋಟೋ, ಒಂದಷ್ಟು ಖಾನೆಗಳು. ನಾವು ಸಿಕ್ಕಿಬಿದ್ದದ್ದು ‘ಸರ್‌ನೇಮ್’ ಎಂಬ ಖಾನೆಯಲ್ಲಿ. ಲಾಗ್‌ಟೇಬಲ್ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಗಂಡನ ಹೆಸರು. ರೇಡಿಯೋಗೆ ಅಪ್ಪನ ಹೆಸರು. ಉಪ್ಪಿನಕಾಯಿಗೆ ಊರ ಹೆಸರು. ನನ್ನದು ಖಾಲಿ. “ಖಾಲಿ ಇರೋದೇ ವಾಸಿ ಕಣೇ, ಯಾರನ್ನಾದ್ರೂ ಕೂರಿಸ್ಬಹುದು” ಅಂದಳು ಲಾಗ್‌ಟೇಬಲ್.

ಹೊರಡುವ ಹಿಂದಿನ ರಾತ್ರಿ ಮನೆಯವರಿಗೆಂದು ನಾಲ್ಕು ಪುಟ ಬರೆದಿಟ್ಟೆ. ಕುಕ್ಕರ್ ಎಷ್ಟು ವಿಷಲ್, ಬೇಳೆಯಲ್ಲಿ ಯಾವುದು ತೊಗರಿ ಯಾವುದು ಕಡಲೆ, ಹಾಲಿನವನ ಲೆಕ್ಕ, ಹೆಪ್ಪು ಹಾಕುವ ಹೊತ್ತು. ಕೈಪಿಡಿ ಬರೆಯುವ ಕಲೆ ನನಗೆ ಹತ್ತಿದ್ದು ಅವತ್ತೇ. ಅದನ್ನು ಯಾರೂ ಓದಲಿಲ್ಲ ಎಂಬುದು ವಿಯೆಟ್ನಾಮಿನ ಮೊದಲ ಬೆಳಿಗ್ಗೆಯೇ ಗೊತ್ತಾಯಿತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಹನೋಯಿಯಲ್ಲಿ ಎಂಟೂವರೆಗೆ ಫೋನು: “ಸಾಸಿವೆ ಎಲ್ಲಿದೆ?”

ಚಾಲನೆ

ಯಂತ್ರವನ್ನು ಹನೋಯಿಯ ಹಳೆಪೇಟೆಯ ರಸ್ತೆ ಬದಿಯಲ್ಲಿ ನಿಲ್ಲಿಸಿ. ಎದುರಿಗೆ ಸ್ಕೂಟರುಗಳು ಹರಿಯುತ್ತಿರುತ್ತವೆ. ಹರಿಯುತ್ತವೆ ಎಂದದ್ದು ಅಲಂಕಾರಕ್ಕಲ್ಲ. ಮಳೆಗಾಲದ ತುಂಗೆಯ ಹಾಗೆ, ನಡುವೆ ಬಿರುಕೇ ಇಲ್ಲ. ನಿಲ್ಲಲಿ, ಆಮೇಲೆ ದಾಟೋಣ ಎಂದು ಕಾದರೆ ಸಂಜೆಯಾಗುತ್ತದೆ. ನಾವು ಹತ್ತು ನಿಮಿಷ ಕಾದೆವು. ಕಾಯುವುದರಲ್ಲಿ ನಾಲ್ವರಿಗೂ ಮೂವತ್ತು ವರ್ಷದ ತರಬೇತಿ: ಇವರದೊಂದು ಪ್ರಮೋಷನ್ ಆಗಲಿ, ಮಗನ ಸಿಇಟಿ ಮುಗಿಯಲಿ, ಮಗಳ ಮದುವೆಯೊಂದಾಗಲಿ, ಆಮೇಲೆ.

ದಾಟುವ ವಿಧಾನ ಹೀಗೆ. ಕಾಲು ಇಡಿ. ಓಡಬೇಡಿ. ನಿಲ್ಲಬೇಡಿ. ಮುಖ್ಯವಾಗಿ, ಹಿಂದಕ್ಕೆ ಹೆಜ್ಜೆ ಇಡಬೇಡಿ. ಒಂದೇ ಸಮನೆ ನಡೆಯುತ್ತಿದ್ದರೆ ಸವಾರರೇ ನಿಮ್ಮ ನಡೆ ಅಂದಾಜು ಮಾಡಿ ಬಳಸಿಕೊಂಡು ಹೋಗುತ್ತಾರೆ. ಮಧ್ಯದಲ್ಲಿ ಮನಸ್ಸು ಬದಲಾಯಿಸಿದರೇ ಅಪಾಯ. ಇದನ್ನು ನಮಗೆ ಕಲಿಸಿದ್ದು ಎಲೆಟೊಪ್ಪಿಗೆ ಹಾಕಿಕೊಂಡು ಹೆಗಲ ಮೇಲೆ ಅಡ್ಡೆ ಹೊತ್ತ ಒಬ್ಬ ಅಜ್ಜಿ. ನಮ್ಮನ್ನು ನೋಡಿ ನಕ್ಕು, ಉಪ್ಪಿನಕಾಯಿಯ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೊರಟಳು. ಅವಳ ಕೈ ರೇಡಿಯೋ, ರೇಡಿಯೋ ಕೈ ನಾನು, ನನ್ನ ಸೆರಗು ಲಾಗ್‌ಟೇಬಲ್. ಆಚೆ ದಡ ಸೇರಿದ ಮೇಲೆ ಏದುಸಿರು, ನಗು. ಬೇಕಂತಲೇ ಮತ್ತೆ ಈಚೆಗೆ ದಾಟಿದೆವು. ಆಮೇಲೆ ಆಚೆಗೆ. ಅಜ್ಜಿ ಅಡ್ಡೆ ಇಳಿಸಿ ನಿಂತು ನೋಡುತ್ತಿದ್ದಳು, ಏನಂದುಕೊಂಡಳೋ.

ಇಂಧನ

ಎಚ್ಚರಿಕೆ: ಈ ಯಂತ್ರಕ್ಕೆ “ಏನು ತಗೋತೀರಾ?” ಎಂದು ಕೇಳಬೇಡಿ. ಕೇಳಿದರೆ ಸ್ತಬ್ಧವಾಗುತ್ತದೆ.

ಹೊವಾನ್ ಕೀಮ್ ಸರೋವರದ ಹತ್ತಿರದ ಕಾಫಿ ಅಂಗಡಿಯಲ್ಲಿ ಆದದ್ದು ಅದೇ. ಹುಡುಗಿ ಪಟ್ಟಿ ಕೊಟ್ಟು ನಿಂತಳು. ಹನೋಯಿಯ ಮೊಟ್ಟೆ ಕಾಫಿ ಹೆಸರುವಾಸಿ. 1946ರಲ್ಲಿ ಹಾಲಿಗೆ ಬರ ಬಂದಾಗ ಹೋಟೆಲೊಂದರ ಕೆಲಸಗಾರ ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ಕಡೆದು ನೊರೆ ಬರಿಸಿ ಹಾಕಿದ್ದಂತೆ. ಲೋಟದ ಮೇಲೆ ಪುಟ್ಟ ಫಿಲ್ಟರಿಟ್ಟು ತೊಟ್ಟು ತೊಟ್ಟಾಗಿ ಇಳಿಸಿ ಗಟ್ಟಿಹಾಲಿಗೆ ಬೆರೆಸುವ ಕಾಫಿ ಇದೆ. ಐಸಿನದಿದೆ, ತೆಂಗಿನಹಾಲಿನದಿದೆ. “ಏನಾದ್ರೂ ಪರವಾಗಿಲ್ಲ” ಎಂದೆ ನಾನು. “ನಿಂಗೇನೋ ನಂಗೂ ಅದೇ” ಎಂದಳು ರೇಡಿಯೋ. “ಯಾವ್ದು ಬೇಗ ಆಗತ್ತೋ ಅದು” ಎಂದಳು ಉಪ್ಪಿನಕಾಯಿ. ಲಾಗ್‌ಟೇಬಲ್ ಬೆಲೆ ನೋಡಿ ಅಗ್ಗದ್ದಕ್ಕೆ ಬೆರಳಿಟ್ಟಳು. ಮನೆಯಲ್ಲಿ ಗಂಡನಿಗೆ ಬೆಲ್ಲ ಕಡಿಮೆ, ಮಗನಿಗೆ ಖಾರ ಜಾಸ್ತಿ, ಮಾವನಿಗೆ ಈರುಳ್ಳಿ ಆಗದು ಎಂದು ಮೂರು ತಲೆಮಾರಿನ ನಾಲಿಗೆಯನ್ನು ಕಂಠಪಾಠ ಮಾಡಿದವರು, ನಮ್ಮ ನಾಲಿಗೆಗೇನು ಬೇಕೆಂದರೆ ಪಟ್ಟಿ ತಿರುವುತ್ತ ಕೂತಿದ್ದೆವು. ಕೊನೆಗೆ ಲಾಗ್‌ಟೇಬಲ್ಲೇ ಕೈಪಿಡಿಗೆ ನಿಯಮ ಸೇರಿಸಿದಳು: ‘ಪರವಾಗಿಲ್ಲ’ ಎಂದವರಿಗೆ ಐದು ಸಾವಿರ ಡಾಂಗ್ ದಂಡ. ಮೂರು ದಿನದಲ್ಲಿ ಒಳ್ಳೆಯ ಮೊತ್ತವೇ ಸೇರಿತು. ಹೆಚ್ಚು ಕಟ್ಟಿದವಳು ನಾನು.

ಭಾಷೆಯ ಬಗ್ಗೆ ಒಂದು ಮಾತು. ಅಲ್ಲೂ ನಮ್ಮ ಹಾಗೆ ವಯಸ್ಸು ನೋಡಿ ಅಕ್ಕ, ತಂಗಿ, ಅಜ್ಜಿ ಎಂದೇ ಕರೆಯುತ್ತಾರೆ. ಅಕ್ಕನಿಗೆ ಅವರ ಮಾತು ‘ಚಿ’. ಅಂಗಡಿ ಅಂಗಡಿಯಲ್ಲೂ ನಗುಮುಖದ ಹುಡುಗಿಯರು ನಮ್ಮನ್ನು ನೋಡಿ “ಚಿ! ಚಿ!” ಎನ್ನುವಾಗ ಮೊದಲ ದಿನ ನಮಗೆ ಮೈಯೆಲ್ಲ ಉರಿದಿತ್ತು. ಇನ್ನು ಸಸ್ಯಾಹಾರಕ್ಕೆ ‘ಚಾಯ್’. ಉಪ್ಪಿನಕಾಯಿ ತಲೆನೋವೆಂದು “ಚಾಯ್, ಚಾಯ್” ಎಂದು ಅಂಗಲಾಚಿದ್ದಕ್ಕೆ ಒಂದು ಬಟ್ಟಲು ತೋಫು ಬಂತು. ತಿಂದಳು. ಚೀಲದಿಂದ ಮಿಡಿ ತೆಗೆದು ನಂಚಿಕೊಂಡಳು. ತಲೆನೋವೂ ಹೋಯಿತು.

ಹಣ ಚಲಾವಣೆ

ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಒಂದಕ್ಕೆ ಎಳನೀರು ಬರುತ್ತದೆ, ಇನ್ನೊಂದು ನಮ್ಮ ಸಾವಿರದ ಆರುನೂರು ರೂಪಾಯಿಯ ಮೇಲೆ. ಇವೆರಡನ್ನು ಅದಲುಬದಲು ಮಾಡಿದವಳು ಮೂವತ್ತು ವರ್ಷ ಕ್ಯಾಷ್ ಎಣಿಸಿದವಳು ಎಂಬುದನ್ನಷ್ಟೇ ಇಲ್ಲಿ ದಾಖಲಿಸುತ್ತೇನೆ. ಎಳನೀರಿನವಳು “ಚಿ! ಚಿ!” ಎಂದು ಕೂಗುತ್ತ ಅರ್ಧ ಬೀದಿ ಓಡಿಬಂದು ನೋಟು ವಾಪಸು ಕೊಟ್ಟಳು. ಆ ಸಲದ ‘ಚಿ’ಯನ್ನು ಲಾಗ್‌ಟೇಬಲ್ ಕನ್ನಡದಲ್ಲೇ ಸ್ವೀಕರಿಸಿದಳು.

ಸದ್ದು ಬರದಿದ್ದರೆ

ದಾನಾಂಗಿಗೆ ವಿಮಾನದಲ್ಲಿ ಹೋಗಿ, ಹೊಯ್ ಆನ್‌ನಲ್ಲಿ ಮನೆ ಹಿಡಿದು, ಅಲ್ಲಿಂದ ಮೀ ಸಾನ್‌ಗೆ ಕಾರು ಮಾಡಿ. ನಾಲ್ಕನೆಯ ಶತಮಾನದಿಂದ ಚಂಪಾ ರಾಜರು ಕಟ್ಟಿಸುತ್ತ ಹೋದ ಶಿವಾಲಯಗಳು. ಬೆಟ್ಟಗಳ ನಡುವೆ ಕೆಂಪಿಟ್ಟಿಗೆಯ ಗೋಪುರಗಳು, ಸಂಸ್ಕೃತ ಶಾಸನಗಳು. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಅತಿ ಎತ್ತರದ ಗೋಪುರ ನೆಲ ಕಂಡಿತು. ಬಾಂಬಿನ ಕುಳಿಗಳು ಈಗಲೂ ಹುಲ್ಲು ಬೆಳೆದುಕೊಂಡು ಹಾಗೇ ಇವೆ. ನಮ್ಮ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರಕ್ಕೆ ಹೋಗಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗ ಮಣ್ಣಿನಿಂದ ಎದ್ದುಬಂತು.

ಗೈಡ್ ಹುಡುಗ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಭದ್ರವರ್ಮ ಎಂಬ ರಾಜ, ಅವನು ಸ್ಥಾಪಿಸಿದ ದೇವರು... ಅಲ್ಲಿ ತಡವರಿಸಿದ. “ಭದ್ರೇಶ್ವರ” ಎಂದಿತು ಹಿಂದಿನಿಂದ ಒಂದು ದನಿ. ತಿರುಗಿ ನೋಡಿದೆವು. “ರಾಜನ ಹೆಸರಿನ ಮೊದಲರ್ಧ, ಅದಕ್ಕೆ ಈಶ್ವರ. ನಮ್ಮಲ್ಲೂ ಹಾಗೇ ಅಲ್ವೇನ್ರೇ, ಲೋಕೇಶ್ವರ, ತ್ರೈಲೋಕ್ಯೇಶ್ವರ, ಪಟ್ಟದಕಲ್ಲಿನಲ್ಲಿ ರಾಣಿಯರು ಕಟ್ಟಿಸಿದ್ದು?” ರೇಡಿಯೋ ಹತ್ತಿಕೊಂಡಿತು. ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ, ಅಕ್ಕತಂಗಿಯರು, ಒಬ್ಬನೇ ಗಂಡ, ಎರಡು ಗುಡಿ. ಈಗ ಅವನ್ನು ವಿರೂಪಾಕ್ಷ, ಮಲ್ಲಿಕಾರ್ಜುನ ಅಂತಾರೆ, ರಾಣಿಯರ ಹೆಸರೇ ಅಳಿಸಿಹೋಯ್ತು ನೋಡಿ. ಪಾಠಪುಸ್ತಕದಲ್ಲಿ ಚಂಪಾಕ್ಕೆ ಎಷ್ಟು ಸಾಲು ಗೊತ್ತಾ, ಒಂದು, ಬರೀ ಒಂದು. ಹುಡುಗ ಛತ್ರಿ ಮಡಚಿ ಕೇಳುತ್ತ ಕೂತ. ಅವಳ ಕನ್ನಡಕ್ಕೆ ನಾನು ಇಂಗ್ಲಿಷು ಸೇರಿಸಲು ಹೋದೆ. “ನೀ ಸುಮ್ನಿರೇ, ನನ್ನ ವಾಕ್ಯ ನಾನು ಮುಗಿಸ್ತೀನಿ” ಎಂದಳು.

ಆ ರಾತ್ರಿ ಎರಡು ಗಂಟೆಯವರೆಗೆ ಮಾತಾಡಿದಳು. ಈ ಭಾಗಕ್ಕೆ ಆಫ್ ಸ್ವಿಚ್ ಇಲ್ಲ, 1987ರಲ್ಲೂ ಇರಲಿಲ್ಲ.

ಹೊಗೆ ಬಂದರೆ

ಏಳನೆಯ ದಿನದ ಸುಮಾರಿಗೆ ಹೊಗೆ ಬರುತ್ತದೆ, ಗಾಬರಿ ಬೇಡ. ಜಗಳಕ್ಕೆ ಪ್ರಶಸ್ತ ಸ್ಥಳ ದೋಣಿ. ಬಡಿಯಲು ಬಾಗಿಲಿರುವುದಿಲ್ಲ, ಎದ್ದು ಹೋಗಲು ನೆಲವಿರುವುದಿಲ್ಲ.

ಹೊಯ್ ಆನ್‌ನ ತು ಬೋನ್ ನದಿಯಲ್ಲಿ ಸಂಜೆ ಕಾಗದದ ದೀಪ ತೇಲಿಬಿಡುತ್ತಾರೆ. ದಡದ ತುಂಬ ಬಣ್ಣದ ಗೂಡುದೀಪ. ಅಂಥಾ ಹೊತ್ತಿನಲ್ಲಿ ಲಾಗ್‌ಟೇಬಲ್ ಪುಸ್ತಕ ತೆಗೆದು ದೀಪಕ್ಕೆ ತಲೆಗೆಷ್ಟು ಎಂದು ಬರೆಯುತ್ತಿದ್ದಳು. “ಎಲ್ಲದಕ್ಕೂ ಲೆಕ್ಕ ಇಡ್ತೀಯಲ್ಲೇ” ಎಂದೆ. ತಮಾಷೆಗೇ ಅಂದದ್ದು. ಅವಳು ತಲೆ ಎತ್ತಲಿಲ್ಲ. “ಇಡ್ತೀನಿ. 1992ರ ಫೆಬ್ರವರಿ ಒಂದು, ಮೇ ಒಂದು, ಅಕ್ಟೋಬರ್ ಒಂದು. ಮೂರು ಇನ್‌ಲ್ಯಾಂಡ್. ಮೂರನೇದು ಅಪ್ಪ ಹೋದಾಗ. ನಿನ್ನಿಂದ ಒಂದೂ ಬರ್ಲಿಲ್ಲ.”

ದೋಣಿಯ ಹೆಂಗಸು ಹುಟ್ಟು ಹಾಕುವುದನ್ನು ನಿಧಾನ ಮಾಡಿದಳು. ಭಾಷೆ ತಿಳಿಯದಿದ್ದರೂ ಹೆಂಗಸರ ಜಗಳ ಹೆಂಗಸರಿಗೆ ತಿಳಿಯುತ್ತದೆ.

ನಮ್ಮ ಮನೆಗೆ ಬಂದ ಕಾಗದವನ್ನೆಲ್ಲ ಮಾವನವರು ಜಗಲಿಯಲ್ಲಿ ಕೂತು ಒಡೆದು, ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು. ಉತ್ತರ ಬರೆದರೆ ಅಂಟು ಹಚ್ಚದೆ ಅವರ ಕೈಗೆ ಕೊಡಬೇಕು. ಕೆಟ್ಟವರಲ್ಲ. ಅಂಥ ಮನೆಗಳಲ್ಲಿ ಹಾಗೇ ನಡೆಯುತ್ತಿತ್ತು. ಆದರೆ ಆಗ ನನಗೆ ಬರೆಯಲು ಇದ್ದದ್ದು ಜಗಲಿಯಲ್ಲಿ ಓದುವಂಥದ್ದಲ್ಲ. ಒಂದೆರಡು ಸಲ ‘ನಾವೆಲ್ಲ ಕ್ಷೇಮ’ ಎಂದು ಶುರು ಮಾಡಿ ಹರಿದುಹಾಕಿದ್ದೆ. ಇದನ್ನು ಅವಳಿಗೆ ಹೇಳಿದೆ, ಮೂವತ್ತಮೂರು ವರ್ಷ ತಡವಾಗಿ.

ಬಹಳ ಹೊತ್ತಾದ ಮೇಲೆ ಕೇಳಿದಳು: “ಸರಿ, ಏನ್ ಬರೀಬೇಕಂತಿದ್ದೆ?”

ಹೇಳತೊಡಗಿದೆ. ಅಷ್ಟರಲ್ಲಿ ದೋಣಿಯ ಹೆಂಗಸು ಹೊತ್ತಾಯಿತೆಂದು ದಡ ತೋರಿಸಿದಳು. ಲಾಗ್‌ಟೇಬಲ್ ಪರ್ಸ್ ತೆಗೆದು ಇನ್ನೊಂದು ಸುತ್ತಿನ ದುಡ್ಡು ಕೊಟ್ಟಳು. ಆಮೇಲೆ ಮತ್ತೊಂದು. ಆ ಎರಡು ಸುತ್ತಿನ ಲೆಕ್ಕ ಅವಳ ಪುಸ್ತಕದಲ್ಲಿ ಎಲ್ಲೂ ಇಲ್ಲ. ಆಮೇಲೆ ಕದ್ದು ನೋಡಿದ್ದೇನೆ.

ಹೆಚ್ಚುವರಿ ಬಿಡಿಭಾಗ

ಹೊಯ್ ಆನ್ ದರ್ಜಿಗಳ ಊರು. ಅಳತೆ ಕೊಟ್ಟರೆ ಒಂದೆರಡು ದಿನದಲ್ಲಿ ಹೊಲಿದು ಕೊಡುತ್ತಾರೆ. ನಾವು ಮೂವರು ಬಣ್ಣ, ಬಟ್ಟೆ ಎಂದು ಗುದ್ದಾಡುತ್ತಿದ್ದಾಗ ಉಪ್ಪಿನಕಾಯಿ ಮಾತ್ರ ನೇರ ಹೋಗಿ ದರ್ಜಿಯಮ್ಮನ ಮುಂದೆ ನಿಂತಳು. ಬೀಗದ ಕೈ ಸೊಂಟಕ್ಕೆ, ಚಿಲ್ಲರೆ ಸೆರಗಿನ ಗಂಟಿಗೆ, ಫೋನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಮೂವತ್ತು ವರ್ಷ ತೋಟ ಸುತ್ತಿದವಳು. ಕೈಸನ್ನೆಯಲ್ಲೇ ವಿವರಿಸಿದಳು: ಉದ್ದ ಜುಬ್ಬ, ಎರಡೂ ಪಕ್ಕದಲ್ಲಿ ಜೇಬು. ಎಷ್ಟು ಆಳ ಎಂದು ಆಕೆ ಕೇಳಿದಳು. ಉಪ್ಪಿನಕಾಯಿ ಮೊಣಕೈ ಮುಟ್ಟಿ ತೋರಿಸಿದಳು. ಮರುದಿನ ಅದನ್ನು ಹಾಕಿಕೊಂಡು, ಎರಡೂ ಕೈ ಜೇಬಿನೊಳಗಿಟ್ಟು, ಏನೂ ಹಿಡಿಯದೆ, ಏನೂ ಹೊರದೆ ಊರೆಲ್ಲ ನಡೆದಳು. ಜೇಬಿನಲ್ಲಿ ಏನಿದೆಯೇ ಎಂದರೆ, “ಏನಿಲ್ಲ” ಎಂದಳು, ಭಾರಿ ಖುಷಿಯಲ್ಲಿ.

ಸಂಗ್ರಹಣೆ

ಬಳಸಿದ ನಂತರ ಯಂತ್ರವನ್ನು ಮನೆಗೆ ತನ್ನಿ. ಸಿಂಕಿನಲ್ಲಿ ಇರುವುದನ್ನು ನೋಡಿ ಬೆಚ್ಚಬೇಡಿ. ನನ್ನ ನಾಲ್ಕು ಪುಟದ ಕೈಪಿಡಿ ಫ್ರಿಡ್ಜಿನ ಮೇಲೆ, ಇಟ್ಟ ಮಡಿಕೆಯಲ್ಲೇ ಇತ್ತು.

“ಪಾಸ್‌ಪೋರ್ಟ್ ಕೊಡು, ಬೀರುನಲ್ಲಿಡ್ತೀನಿ” ಎಂದು ಇವರು ಕೈ ಚಾಚಿದರು. “ಇರ್ಲಿ, ನಾನೇ ಇಟ್ಕೋತೀನಿ” ಎಂದೆ. ಇವರು ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಕನ್ನಡಕ ಸರಿಮಾಡಿಕೊಳ್ಳಲು ಬಳಸಿದರು.

ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಸಬ್ಬಕ್ಕಿಯ ಸ್ಟೀಲ್ ಡಬ್ಬಿ ಇದೆ. ನಾನಿಲ್ಲದ ಒಂಬತ್ತು ದಿನವೂ ಅದನ್ನು ಯಾರೂ ತೆರೆದಿಲ್ಲ ಎಂದು ಮುಚ್ಚಳದ ಮೇಲಿನ ಧೂಳು ಹೇಳುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲಿಟ್ಟಿದ್ದೇನೆ. ಒಣ, ತಂಪಾದ ಜಾಗ. ಮಕ್ಕಳ ಕೈಗೆ ಸಿಗದಂತೆ ಇಡಿ. ದೊಡ್ಡವನಿಗೆ ಮೂವತ್ತೆರಡಾದರೂ ಸರಿ.

ಅವಧಿ ಮುಗಿಯುವ ದಿನಾಂಕ: 2028, ಮೇ. ಹೊರಡುವಾಗ ಆರು ತಿಂಗಳಾದರೂ ಬಾಕಿ ಇರಬೇಕೆಂದು ಲಾಗ್‌ಟೇಬಲ್ ನೆನಪಿಸಿದ್ದಾಳೆ. ಅಂದರೆ 2027ರ ನವೆಂಬರ್ ಒಳಗೆ ಬಳಸಿ.