ಹಲ್ಲಿಗೂ ಉಂಟು ರ‍್ಯಾಂಕು

ಹಂಪನಕಟ್ಟೆಯ ಹೋಟೆಲು. ಗೋಳಿಬಜೆ ಬಂತು.

“ಐದು ವರ್ಷ ಓದಿ ಡಾಕ್ಟರಾದಿ. ಇನ್ನೆಂತ ಮಾರಾಯ್ತಿ?”

“ಎಂಡಿಎಸ್ ಮಾವ, ಇನ್ನು ಮೂರು ವರ್ಷ. ಮೊದಲು ನೀಟ್: 240 ಪ್ರಶ್ನೆ, 960 ಅಂಕ. ತಪ್ಪಿಗೊಂದು ಅಂಕ ಕೀಳ್ತಾರೆ.”

“ಅರಿವಳಿಕೆ ಕೊಡದೆಯಾ?”

“ಆಮೇಲೆ ಕೆಇಎ ಕೌನ್ಸೆಲಿಂಗ್. ಸರ್ಕಾರಿ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಸೀಟು.”

“ಹಲ್ಲು ಒಂದೇ ಅಲ್ವಾ?”

“ಫೀಸು ಬೇರೆ.”

“ಕಟಾಫ್ ಸಿಗದಿದ್ರೆ?”

“ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟೈಲ್. ಸೀಟು ಉಳಿದ್ರೆ ಇಳಿಸ್ತಾರೆ, 2022ರಲ್ಲಿ ಇಳಿಸಿದ್ರಲ್ಲ.”

“ಬಂದರಿನಲ್ಲಿ ಸಂಜೆ ಬಂಗುಡೆಗೆ ರೇಟು ಇಳಿಸಿದ ಹಾಗೆ!”

(ಪಾಪ, ಬಂಗುಡೆಗೆ ಕೌನ್ಸೆಲಿಂಗ್ ಇಲ್ಲ.)

“ವಿಭಾಗ ಒಂಬತ್ತುಂಟು. ನನಗೆ ಆರ್ಥೋ ಬೇಕು, ಸೊಟ್ಟ ಹಲ್ಲು ನೇರ ಮಾಡ್ಲಿಕ್ಕೆ.”

“ಮೊದಲು ಆ ಫೀಸಿನ ಪಟ್ಟಿಗೆ ಕ್ಲಿಪ್ಪು ಹಾಕು!”

ಬಿಲ್ಲು ಮಾವನೇ ಕೊಟ್ಟರು. ಓದುಗರೇ, ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ದುಬಾರಿಯೆಂದು ಬಾಯಿ ಬಿಡುವ ಮೊದಲು ಗೋಡೆಯ ಮೇಲಿನ ಸರ್ಟಿಫಿಕೇಟು ಸ್ವಲ್ಪ ನೋಡಿ.