ಪರ್ಕಳದ ಗ್ರೂಪ್ ಅಡ್ಮಿನ್ ಮಹೋದಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಪರ್ಕಳ ಪೇಟೆಯ ವಾಟ್ಸಾಪ್ ಗ್ರೂಪುಗಳನ್ನು ಹಗಲಿರುಳು ನಡೆಸುತ್ತಿರುವ ತಮಗೆ, ಮ್ಯೂಟ್ ಮಾಡಿಕೊಂಡಿರುವ ಸದಸ್ಯರ ಸಾಷ್ಟಾಂಗ ನಮಸ್ಕಾರಗಳು.

ಮೊದಲು ಅಭಿನಂದನೆ. ಗ್ರೂಪಿನ ಮಿತಿ 256ರಿಂದ 512ಕ್ಕೆ, ಅದೇ 2022ರಲ್ಲಿ ಮತ್ತೆ 1024ಕ್ಕೆ ಏರಿದಾಗ ತಾವು ತೋರಿಸಿದ ಚುರುಕು ಮೆಚ್ಚತಕ್ಕದ್ದು. ಗ್ಯಾಸ್ ತರುವವರು, ಅತ್ರಾಡಿಯ ಅತ್ತೆ, ದುಬೈಗೆ ಹೋದ ಭಾವ, ಯಾವ ಕಾಲದಲ್ಲೋ ಬಾವಿಗೆ ರಿಂಗ್ ಇಳಿಸಿದವರು, ಹೀಗೆ ತಮ್ಮ ಮೊಬೈಲಿನಲ್ಲಿದ್ದ ನಂಬರುಗಳೆಲ್ಲ ಕೇಳದೆಯೇ ಸದಸ್ಯರಾದವು. ಈಗ ಸದ್ದಿಲ್ಲದೆ ಹೊರಬೀಳುವ ಸೌಲಭ್ಯವೂ ಇದೆ, ಅಡ್ಮಿನ್‌ಗಳಿಗೆ ಮಾತ್ರ ಗೊತ್ತಾಗುತ್ತದಂತೆ. ಆದರೆ ಪರ್ಕಳದಲ್ಲಿ ಅಡ್ಮಿನ್‌ಗೆ ಗೊತ್ತಾಯಿತೆಂದರೆ ಪೇಟೆಗೇ ಗೊತ್ತಾದಂತೆ. "ಯಾಕೆ ಬಿಟ್ಟದ್ದು ಮಾರಾಯ್ರೆ, ಬೇಜಾರಾಯ್ತಾ?" ಎಂಬ ಪ್ರಶ್ನೆಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಉತ್ತರ ಕೊಡುವುದಕ್ಕಿಂತ ಮ್ಯೂಟ್ ಮಾಡುವುದೇ ವಾಸಿ.

ಜೋರು ಮಳೆಯ ಸಂಜೆ ಗ್ರೂಪು ಹೇಗಿರುತ್ತದೆಂದು ತಮಗೆ ಗೊತ್ತೇ ಇದೆ. ಮಣಿಪಾಲದಲ್ಲಿ ಕೆಲಸ ಮುಗಿಸಿ ಹಿರಿಯಡ್ಕಕ್ಕೆ ಹೋಗಬೇಕಾದ ಒಬ್ಬರು "169ಎಯಲ್ಲಿ ಕೆಳಪರ್ಕಳದ ಹತ್ತಿರ ಬ್ಲಾಕ್ ಉಂಟಾ?" ಎಂದು ಕೇಳುತ್ತಾರೆ. ಸ್ಥಳದಲ್ಲೇ ಇರುವ ಪುಣ್ಯಾತ್ಮರೊಬ್ಬರು ಒಂದೇ ನಿಮಿಷದಲ್ಲಿ ಉತ್ತರ ಹಾಕುತ್ತಾರೆ. ಅದರ ಮೇಲೆ ಹುಟ್ಟುಹಬ್ಬದ ಕೇಕ್, ಕೇಕಿಗೆ ನಲವತ್ತು ಕೈಮುಗಿತ, ಯಕ್ಷಗಾನದ ಪೋಸ್ಟರ್, ಬೆಳಿಗ್ಗೆ ಓದದೆ ಉಳಿದ ಗುಡ್ ಮಾರ್ನಿಂಗ್. ಕೇಳಿದವರು ಬಸ್ಸಿನಲ್ಲಿ ಕೂತು ಆ ಒಂದು ಸಾಲನ್ನು ಹುಡುಕುತ್ತಾ, ಹುಡುಕುತ್ತಾ, ಬ್ಲಾಕಿನೊಳಗೇ ಬಂದು ಮುಟ್ಟಿರುತ್ತಾರೆ. ಅಲ್ಲಿ ಹುಡುಕುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ ಎನ್ನುವುದನ್ನು ತಮ್ಮ ಸೇವೆಯೆಂದೇ ತಿಳಿಯೋಣ.

ತಲೆ ಎಣಿಸುವ ಈ ಹುಮ್ಮಸ್ಸು ತಮ್ಮೊಬ್ಬರದ್ದೇ ಅಲ್ಲ, ಗೂಗಲ್‌ನಂಥ ಗೂಗಲ್‌ಗೂ ಇತ್ತು. ಸುಮಾರು 2009ರಿಂದ 2011ರವರೆಗೆ ಅದು ಯಂತ್ರಾನುವಾದದ ಸಲಕರಣೆ ಹಿಡಿದ ಬಾಡಿಗೆ ಅನುವಾದಕರಿಂದ ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳ ವಿಕಿಪೀಡಿಯಕ್ಕೆ ಲೇಖನಗಳನ್ನು ತಂದು ಸುರಿಸಿತು. ಲೇಖನಗಳ ಸಂಖ್ಯೆ ಏರಿತು, ತಿದ್ದುವ ಕೆಲಸ ಮಾತ್ರ ಬಿಟ್ಟಿ ದುಡಿಯುವ ಬೆರಳೆಣಿಕೆಯ ಸಂಪಾದಕರ ತಲೆಗೆ ಬಂತು. ನಮ್ಮದೇ ಸೀಮೆಯ ತುಳು ವಿಕಿಪೀಡಿಯದ ಕತೆ ಇದಕ್ಕೆ ತದ್ವಿರುದ್ಧ. 2008ರಿಂದ 2016ರ ಆಗಸ್ಟಿನವರೆಗೆ ಅದನ್ನು ಪರೀಕ್ಷಾ ಹಂತದಲ್ಲೇ ಕೂರಿಸಿದ್ದರು. ಎಷ್ಟು ಜನ ತುಳು ಮಾತಾಡುತ್ತಾರೆ ಎನ್ನುವುದು ಅಲ್ಲಿ ಸಾಲದು, ಪ್ರತಿ ತಿಂಗಳೂ ಬಂದು ಬರೆಯುವವರು ಕೆಲವರಾದರೂ ಇದ್ದಾರೆಯೇ ಎಂದು ನೋಡುತ್ತಾರೆ. ಈ ಲೆಕ್ಕ ಹಿಡಿದರೆ ತಮ್ಮ 1024ರಲ್ಲಿ ಎಷ್ಟು ಉಳಿದೀತು? ಬೇಡ ಬಿಡಿ, ಹಬ್ಬದ ದಿನ ಅದೆಲ್ಲ ಯಾಕೆ. ಗ್ರೂಪಿನಲ್ಲಿ ದಿನಾ ಹಬ್ಬವೇ.

ನಿಯಮವೆಂದರೆ ತಮಗೆ ಎರಡೇ ಸ್ಥಿತಿ. ಸಾಮಾನ್ಯ ದಿನಗಳಲ್ಲಿ ಭಾಗವತರಿಲ್ಲದ ಆಟ, ಯಾರು ಬೇಕಾದರೂ ಕುಣಿಯಬಹುದು. ಚುನಾವಣೆ ಬಂದು ಜಗಳ ಹತ್ತಿತೆಂದರೆ "ಇನ್ನು ಅಡ್ಮಿನ್ ಮಾತ್ರ". ಆಗ ಕರೆಂಟ್ ಹೋದದ್ದನ್ನು ಹೇಳಲಿಕ್ಕೂ ಬಾಯಿಲ್ಲ. ಎಲ್ಲರಿಗೂ ಬೇಸರವಾಗದಿರಲಿ ಎಂದು ಹತ್ತು ಹನ್ನೆರಡು ಮಂದಿಯನ್ನು ಅಡ್ಮಿನ್ ಮಾಡಿಬಿಟ್ಟರೆ, ಅಳಿಸಬೇಕಾದ್ದನ್ನು ಇನ್ನೊಬ್ಬರು ಅಳಿಸಿಯಾರು ಎಂದು ಹನ್ನೆರಡು ಮಂದಿಯೂ ಕಾಯುತ್ತಾರೆ.

ಸದಸ್ಯರ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ ತೀರ್ಪನ್ನು ತಾವು ಆಗಾಗ ನೆನಪಿಸುತ್ತೀರಿ. ಅದು ಕಾನೂನಿನ ಮಾತು, ಸರಿಯೇ. ಆದರೆ 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಬಂಧಿತರಲ್ಲಿ ಒಬ್ಬ ಗ್ರೂಪ್ ಅಡ್ಮಿನ್ ಇದ್ದ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ಪ್ರಕಟಿಸಿತು. ಯಾರ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರವೂ 2022ರಿಂದ ಅಡ್ಮಿನ್‌ಗಳ ಕೈಯಲ್ಲಿದೆ. ಪರ್ಕಳದಲ್ಲಿ ಅದನ್ನು ಬಳಸುವುದು ಹೆಚ್ಚಾಗಿ ಅಡ್ಮಿನ್ ಭಾವನ ಅಂಗಡಿಯ ಬಗ್ಗೆ ದೂರು ಬಂದಾಗ.

ಬೇಡಿಕೆ ದೊಡ್ಡದೇನೂ ಇಲ್ಲ. "ಮಣಿಪಾಲದ ಆಸ್ಪತ್ರೆಗೆ ತುರ್ತು ಓ ನೆಗೆಟಿವ್ ರಕ್ತ ಬೇಕು" ಎಂಬ ಸಂದೇಶಕ್ಕೆ ದಿನಾಂಕವಿಲ್ಲದಿದ್ದರೆ ಅದು ಸುತ್ತುತ್ತಲೇ ಇರುತ್ತದೆ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಆ ನಂಬರಿಗೆ ಕರೆ ನಿಲ್ಲುವುದಿಲ್ಲ, ನಿಜಕ್ಕೂ ರಕ್ತ ಬೇಕಾದವರ ಸಂದೇಶವನ್ನು ಯಾರೂ ನಂಬುವುದಿಲ್ಲ. ದಿನಾಂಕವಿಲ್ಲದ ರಕ್ತದ ಸಂದೇಶ ಬಂದರೆ ತಮ್ಮಲ್ಲಿ ಒಬ್ಬರು ಆ ನಂಬರಿಗೆ ಒಂದು ಕರೆ ಮಾಡಿ. ರಕ್ತ ಸಿಕ್ಕಿದ್ದರೆ ಅದನ್ನು ಅಳಿಸಿ.

ಇಂತಿ,
ಮ್ಯೂಟ್ ಮಾಡಿಕೊಂಡಿರುವ ಸದಸ್ಯರು, ಪರ್ಕಳ