ನಬೂ ರಾಣಿಯ ಪರ ವಕಾಲತ್ತು

ಅಡಕೆ ದರ, ಹೆದ್ದಾರಿ ಕಾಮಗಾರಿ, ಈ ಸಲದ ಮಳೆ, ಇವುಗಳ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಎಲ್ಲರೂ ಸೇರಿಯೇ ಬಯ್ಯುತ್ತೇವೆ. ಜಗಳ ಹತ್ತುವುದು ಸ್ಟಾರ್ ವಾರ್ಸ್ ವಿಷಯಕ್ಕೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಿಂದ ರಜೆ ಹಾಕಿ ಕುಮಟೆಗೆ ಬರುವ ನನ್ನ ಅಕ್ಕನ ಮಗನೆದುರು 1999, 2002, 2005ರಲ್ಲಿ ಬಂದ ಆ ಮೂರು ಪ್ರೀಕ್ವೆಲ್‌ಗಳ ಹೆಸರೆತ್ತಿದರೆ ಸಾಕು, "ಮಾವ, ಅದ್ರ ಸುದ್ದಿ ಹೇಳಡ" ಎಂದು ಕೈ ಮುಗಿಯುತ್ತಾನೆ. 1977ರಲ್ಲಿ ಶುರುವಾದ ಮೊದಲ ಮೂರು ಸಿನಿಮಾ ಅವನಿಗೆ ವೇದ; ಇವು ನಿರ್ದೇಶಕ ಜಾರ್ಜ್ ಲೂಕಾಸ್ ದುಡ್ಡು ಜಾಸ್ತಿಯಾಗಿ ಮಾಡಿದ ಪಾಪ. 1977 ಹಾಗಿರಲಿ, 1999ರಲ್ಲೂ ಈ ಹುಡುಗ ಹುಟ್ಟಿರಲಿಲ್ಲ. ಹಳೆಯದೇ ಚಂದ ಎನ್ನುವ ಹಕ್ಕು ನನ್ನ ವಯಸ್ಸಿನವರ ಆಸ್ತಿ. ಅದನ್ನೂ ಈ ಹುಡುಗರು ಒತ್ತುವರಿ ಮಾಡಿಕೊಂಡಿದ್ದಾರೆ.

ಅವರ ದೊಡ್ಡ ದೂರು: ಅನಾಕಿನ್ ಎಂಬ ಚಂದದ ಹುಡುಗ ಕೊನೆಗೆ ಕಪ್ಪು ಮುಖವಾಡದ ಡಾರ್ತ್ ವೇಡರ್ ಆಗುತ್ತಾನೆಂದು ಎಲ್ಲರಿಗೂ ಗೊತ್ತು, ಗೊತ್ತಿದ್ದ ಮೇಲೆ ನೋಡುವುದೇನು? ಈ ಪ್ರಶ್ನೆಯನ್ನು ಅಮೆರಿಕದವರು ಕೇಳಲಿ, ಪಾಪ. ಕುಮಟಾ, ಹೊನ್ನಾವರದವರು ಕೇಳಬಾರದು. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆಂದು ಗದ್ದೆಯಲ್ಲಿ ಚಾಪೆ ಹಾಸಿ ಕೂತ ಮಗುವಿಗೂ ಗೊತ್ತಿತ್ತು. ಅದಕ್ಕಾಗಿ ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಲಿಲ್ಲ. ಆ ಕೈ ತಲೆಯತ್ತ ಹೇಗೆ ಹೋಗುತ್ತದೆ, ಎಷ್ಟು ಹೊತ್ತು ಹೋಗುತ್ತದೆ ಎಂದು ನೋಡಲು ನಿದ್ದೆಗೆಟ್ಟರು. ಇನ್ನು 'ಭೀಷ್ಮ ವಿಜಯ'ವೆಂದರೆ ಕುರುಕ್ಷೇತ್ರದ ಪ್ರೀಕ್ವೆಲ್ ಅಲ್ಲದೆ ಇನ್ನೇನು? ಈ ಭೀಷ್ಮ ಮುಂದೆ ಶರಶಯ್ಯೆ ಸೇರುವವನು ಎಂಬುದು ಗೊತ್ತಿರುವುದರಿಂದಲೇ ಅಂಬೆಯ ಒಂದೊಂದು ಮಾತೂ ಎದೆಗೆ ನಾಟುವುದು. ಅದರಲ್ಲಿ ಗುರು ಪರಶುರಾಮನಿಗೂ ಶಿಷ್ಯ ಭೀಷ್ಮನಿಗೂ ಯುದ್ಧ. 2005ರ ಸಿನಿಮಾದಲ್ಲಿ ಕುದಿಯುವ ಲಾವಾದ ನಡುವೆ ಗುರು ಓಬಿ-ವಾನ್‌ಗೂ ಶಿಷ್ಯ ಅನಾಕಿನ್‌ಗೂ ಯುದ್ಧ. ಒಂದಕ್ಕೆ ಬೆಳಗಿನ ಜಾವದವರೆಗೆ ಕಾಯುವವರು ಇನ್ನೊಂದಕ್ಕೆ ಮೂಗು ಮುರಿದರೆ ಹೇಗೆ? ನನ್ನ ಅಳಿಯನೇ 2025ರ ಅಕ್ಟೋಬರ್‌ನಲ್ಲಿ 'ಕಾಂತಾರ: ಚಾಪ್ಟರ್ 1' ನೋಡಲು ಮೊದಲ ದಿನವೇ ಹೋಗಿದ್ದ. ಅದು 2022ರ ಸಿನಿಮಾದ ಹಿಂದಿನ ಕಥೆ ಎಂಬುದು ಅಲ್ಲಿ ಅಡ್ಡಿ ಬರಲಿಲ್ಲ.

ಎರಡನೆಯ ದೂರು ತೆರಿಗೆಯದು. 1999ರ ಸಿನಿಮಾ ಆರಂಭವಾಗುವುದೇ ವ್ಯಾಪಾರ ಮಾರ್ಗಗಳ ತೆರಿಗೆ ತಕರಾರಿನಿಂದ. ವರ್ತಕರ ಒಕ್ಕೂಟ ಹಡಗುಗಳನ್ನು ತಂದು ನಬೂ ಎಂಬ ಸಣ್ಣ ಗ್ರಹವನ್ನು ಮುತ್ತುತ್ತದೆ, ಅಲ್ಲಿಯ ಎಳೆಯ ರಾಣಿ ಬಗ್ಗುವುದಿಲ್ಲ. ಆಕಾಶಯುದ್ಧ ನೋಡಲು ಬಂದವರಿಗೆ ಸುಂಕದ ಪಾಠ ಮಾಡಿದರು ಎಂದು ಅಭಿಮಾನಿಗಳು ಇವತ್ತಿಗೂ ಗೊಣಗುತ್ತಾರೆ. ಆದರೆ ಕುಮಟೆಯಿಂದ ಅಂಕೋಲೆಯ ದಿಕ್ಕಿಗೆ ಹೊರಟರೆ ಮಿರ್ಜಾನ ಕೋಟೆ ಸಿಗುತ್ತದೆ. ಅದರ ಹೆಸರಿನ ಜೊತೆಗೇ ಬರುವ ಹೆಸರು ರಾಣಿ ಚೆನ್ನಭೈರಾದೇವಿಯದು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಈಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದರು. ಹಡಗಿನಲ್ಲಿ ಬಂದ ವರ್ತಕರು, ಹಟ ಬಿಡದ ರಾಣಿ, ನಡುವೆ ಸರಕು, ಸುಂಕ: ನಬೂವಿನ ಕಥೆಗೆ ಮೆಣಸಿನ ಘಾಟು ಒಂದೇ ಕಮ್ಮಿ. ಉಪ್ಪಿನ ಮೇಲಿನ ಕರದ ವಿರುದ್ಧ 1930ರಲ್ಲಿ ಅಂಕೋಲೆಯಲ್ಲಿ ಸತ್ಯಾಗ್ರಹ ಮಾಡಿದ, ಆಮೇಲೆ ಕರನಿರಾಕರಣೆಗಾಗಿ ಮನೆ ಜಮೀನು ಕಳೆದುಕೊಂಡ ಜಿಲ್ಲೆ ಇದು. ತೆರಿಗೆಯಲ್ಲಿ ಕಥೆಯಿಲ್ಲ ಎಂದು ನಾವೇ ಹೇಳಿದರೆ ಸಾಣಿಕಟ್ಟೆಯ ಉಪ್ಪಿಗೆ ಮುಖ ತೋರಿಸುವಂತಿಲ್ಲ.

1999ರ ಸಿನಿಮಾದ ಖಳ ಡಾರ್ತ್ ಮಾಲ್‌ನ ಪ್ರವೇಶಕ್ಕೆ ವಕೀಲರೇ ಬೇಡ. ಕೆಂಪು ಕಪ್ಪು ಬಣ್ಣ ಬಳಿದ ಮುಖ, ತಲೆಯ ತುಂಬ ಕೊಂಬು, ಬಾಗಿಲು ತೆರೆದಾಗ ಒಂದು ನಿಲುವು, ಆಮೇಲೆ ಕುಣಿತ. ಹಿನ್ನೆಲೆಗೆ ಜಾನ್ ವಿಲಿಯಮ್ಸ್ ಕೂರಿಸಿದ ಗಾಯಕವೃಂದ ಹಾಡುವುದು ಸಂಸ್ಕೃತವನ್ನು! ಹಳೆಯದೊಂದು ವೆಲ್ಶ್ ಪದ್ಯದ ಸಾಲುಗಳನ್ನು ಸಂಸ್ಕೃತಕ್ಕೆ ತಿರುಗಿಸಿ ಹಾಡಿಸಿದ್ದಾರೆ. ಗೋಕರ್ಣದ ವೈದಿಕರಿಗೆ ಕೇಳಿಸಿದರೂ ಒಂದಕ್ಷರ ಗುರುತು ಹತ್ತಲಾರದು, ಅದು ಬೇರೆ ಮಾತು. ಚಂಡೆ ಒಂದಿದ್ದರೆ ಬಣ್ಣದ ವೇಷವೇ ಪೂರ್ತಿಯಾಗುತ್ತಿತ್ತು.

ಅದೇ ಸಿನಿಮಾದ ಹಾಸ್ಯಪಾತ್ರ ಜಾರ್ ಜಾರ್ ಬಿಂಕ್ಸ್ ಅತಿ ಮಾಡಿದ, ಒಪ್ಪುತ್ತೇನೆ. ಹಾಸ್ಯಗಾರ ಅತಿ ಮಾಡಿದ ಆಟಗಳನ್ನು ನಾವೂ ನೋಡಿದ್ದೇವೆ. ಆಗ ಎದ್ದು ಹೋಗಿ ಚಹ ಕುಡಿದು ಬರುತ್ತೇವೆಯೇ ಹೊರತು ಚೌಕಿಗೆ ನುಗ್ಗಿ ಕಲಾವಿದನನ್ನು ಹೊಡೆಯುವುದಿಲ್ಲ. ಅಲ್ಲಿಯವರು ಹೆಚ್ಚುಕಮ್ಮಿ ಅದನ್ನೇ ಮಾಡಿದರು. ಆ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಬೈಗುಳ ತಾಳಲಾರದೆ ಜೀವ ಕಳೆದುಕೊಳ್ಳುವ ಯೋಚನೆಗೂ ಬಂದಿದ್ದನ್ನು 2018ರಲ್ಲಿ ಹೇಳಿಕೊಂಡರು. ಇಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ. 2023ರಲ್ಲಿ 'ದಿ ಮ್ಯಾಂಡಲೋರಿಯನ್' ಸರಣಿಯಲ್ಲಿ ಅವರಿಗೇ ಜೆಡೈ ವೀರನ ವೇಷ ಕೊಟ್ಟರು, ಅದೇ ಜನ ಚಪ್ಪಾಳೆ ತಟ್ಟಿದರು.

ಮರಳಿನ ಮಾತೊಂದು ಉಳಿಯಿತು. ಮರಳು ಒರಟು, ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ, ನನಗಾಗುವುದಿಲ್ಲ ಎಂದು ಅನಾಕಿನ್ ತನ್ನ ಪ್ರೇಯಸಿಯೆದುರು ದೂರುತ್ತಾನೆ. ಜಗತ್ತೇ ನಕ್ಕಿತು. ಪ್ರೇಮನಿವೇದನೆಗೆ ಅದು ಹೇಳುವ ಮಾತಲ್ಲ, ನಿಜ. ತಾಳಮದ್ದಲೆಯ ಪಳಗಿದ ಅರ್ಥಧಾರಿಯೊಬ್ಬರನ್ನು ಲೂಕಾಸ್ ಸಂಭಾಷಣೆಗೆ ಇಟ್ಟುಕೊಳ್ಳಬಹುದಿತ್ತು. ಆದರೆ ಅದರಲ್ಲಿ ಸುಳ್ಳೇನಿದೆ? ನೆಂಟರನ್ನು ಓಂ ಬೀಚಿಗೆ ಕಳಿಸಿ, ಅವರು ಬಸ್ಸು ಹತ್ತಿದ ಮೇಲೆ ಬಚ್ಚಲು, ಹಾಸಿಗೆ, ಕೊನೆಗೆ ಅವಲಕ್ಕಿ ಡಬ್ಬಿಯಿಂದಲೂ ಮರಳು ತೆಗೆಯುವವರು ಆ ಹುಡುಗನ ಸಂಕಟಕ್ಕೆ ನಗಲಾರರು. ಇಡೀ ಸರಣಿಯಲ್ಲಿ ನನ್ನ ಹೆಂಡತಿ ಒಪ್ಪಿದ ಮಾತು ಅದೊಂದೇ.

ನೋಡದವರಿಗೆ ನನ್ನ ಸಲಹೆ ಇಷ್ಟು: ಮೊದಲು ಹಳೆಯ ಮೂರು, ಅಂದರೆ 4, 5, 6 ನೋಡಿ, ಆಮೇಲೆ ಈ ಪ್ರೀಕ್ವೆಲ್ಲುಗಳು, ಅಂದರೆ 1, 2, 3. ಎರಡನೆಯದರ ಪ್ರೇಮ ಪ್ರಸಂಗದಲ್ಲಿ ಧಾರಾಳವಾಗಿ ಚಹಕ್ಕೆ ಎದ್ದು ಹೋಗಿ. ಮೂರನೆಯದಕ್ಕೆ ಮಾತ್ರ ಜಾಗ ಬಿಟ್ಟು ಏಳಬೇಡಿ.